ಕಾರಣ ಮೊದಲೋ, ನಂಬಿಕೆ ಮೊದಲೋ?

ಕೆಂಪುಶಾಯಿ:

ನಾನು ಕರಡು ತಿದ್ದುವವಳು. ಇಪ್ಪತ್ತೆರಡು ವರ್ಷಗಳಿಂದ ಪರರ ಬರಹದಲ್ಲಿ ಕಾಗುಣಿತದ ತಪ್ಪು, ಪುನರುಕ್ತಿ, ಹಳಿ ತಪ್ಪಿದ ವಾಕ್ಯಗಳನ್ನು ಹುಡುಕಿಯೇ ಹೊಟ್ಟೆ ಹೊರೆದಿದ್ದೇನೆ. ಈ ಕೆಲಸದಿಂದ ಒಂದು ಚಾಳಿ ಅಂಟಿದೆ. ಲೇಖಕರು ತೀರ್ಮಾನವನ್ನು ಮೊದಲೇ ಬರೆದಿಟ್ಟುಕೊಂಡು ಕಾರಣಗಳನ್ನು ಆಮೇಲೆ ತುರುಕಿದ್ದರೆ ಎರಡನೆಯ ಪುಟದೊಳಗೆ ಅದರ ವಾಸನೆ ನನ್ನ ಮೂಗಿಗೆ ಬಡಿಯುತ್ತದೆ. ಕಳೆದ ವಾರ ಅದೇ ವಾಸನೆ ನನ್ನ ಮಾತಿನಿಂದಲೇ ಬಂತು.

ನನಗೆ ದೇವರಲ್ಲಿ ನಂಬಿಕೆಯಿಲ್ಲ. ನನಗಿಂತ ಮೂರು ವರ್ಷ ಚಿಕ್ಕವನಾದ ತಮ್ಮನಿಗೆ ಇದೆ, ಗಟ್ಟಿಯಾಗಿಯೇ ಇದೆ. ಒಂದೇ ಮನೆಯಲ್ಲಿ, ಒಬ್ಬಳೇ ತಾಯಿಯ ಬಾಯಿಂದ ಒಂದೇ ಪ್ರಾರ್ಥನೆ ಕೇಳಿ ಬೆಳೆದವರು ನಾವು. ಏಕೆ ನಂಬುವುದಿಲ್ಲ ಎಂದು ಯಾರಾದರೂ ಕೇಳಿದರೆ ಹನ್ನೊಂದು ವರ್ಷಗಳಿಂದ ಒಂದೇ ಕಥೆ ಹೇಳಿಕೊಂಡು ಬಂದಿದ್ದೇನೆ. ಅಮ್ಮನಿಗೆ ಮೆದುಳಿನಲ್ಲಿ ರಕ್ತಸ್ರಾವವಾಗಿ ತೀವ್ರ ನಿಗಾ ಘಟಕದಲ್ಲಿದ್ದಳು. ಹೊರಗಿನ ಬೆಂಚಿನ ಮೇಲೆ ನಾನು ಮತ್ತು ತಮ್ಮ. ಅವನ ತುಟಿ ರಾತ್ರಿಯಿಡೀ ಅಲ್ಲಾಡುತ್ತಲೇ ಇತ್ತು. ಎದುರು ಬೆಂಚಿನಲ್ಲಿ ಒಬ್ಬರು ವೃದ್ಧರು. ಅವರ ಹೆಂಡತಿ ಒಳಗಿದ್ದರು, ಬೆಳಗಿನ ಜಾವ ನಾಲ್ಕರ ಸುಮಾರಿಗೆ ತೀರಿಕೊಂಡರು. ಆತ ಒಳಗೆ ಹೋಗಿ ಬಂದು, ಹೊದ್ದಿದ್ದ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿದರು. ಅಂಚಿಗೆ ಅಂಚು ಕೂಡಲಿಲ್ಲ. ಬಿಚ್ಚಿ ಮತ್ತೊಮ್ಮೆ ಮಡಿಸಿದರು. ಅದನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಮುಂದೆ ನಿಂತು, "ನಿಮ್ಮ ತಾಯಿ ಉಳಿಯುತ್ತಾರೆ, ದೇವರು ದೊಡ್ಡವನು" ಎಂದರು. ಅಮ್ಮ ಉಳಿದಳು. ದೇವರು ಉಳಿಸಿದ ಎಂದ ತಮ್ಮ. ಇವಳನ್ನು ಉಳಿಸಿದವನು ಅವರನ್ನು ಏಕೆ ಬಿಟ್ಟ? ನನ್ನ ನಂಬಿಕೆ ಆ ಬೆಂಚಿನಲ್ಲಿ ಕಳೆದುಹೋಯಿತು. ಇದು ಕಥೆ.

ಇದನ್ನೇ ಮೊನ್ನೆ ಇನ್ನೊಬ್ಬರಿಗೆ ಹೇಳುತ್ತಿದ್ದಾಗ ನಾಲಿಗೆ ತೊಡರಿತು. ಏಕೆಂದರೆ ಇದು ಸುಳ್ಳು. ಬೆಂಚು, ಕಂಬಳಿ, ಮಾತು ಎಲ್ಲ ನಿಜ, "ಅಲ್ಲಿ ಹೋಯಿತು" ಎನ್ನುವುದು ಮಾತ್ರ ಸುಳ್ಳು. ಹದಿನಾಲ್ಕನೆಯ ವಯಸ್ಸಿನಲ್ಲಿ ಒಂದು ಸಂಜೆ ಕಣ್ಣು ಮುಚ್ಚಿ ಕೈಮುಗಿದು ಕುಳಿತಿದ್ದಾಗ, ನಾನು ಫ್ಯಾನಿನ ಸದ್ದನ್ನು ಕೇಳುತ್ತಿದ್ದೇನೆ ಎಂಬುದು ಅರಿವಿಗೆ ಬಂತು. ಮೂರು ಸುತ್ತಿಗೊಮ್ಮೆ ಟಕ್ ಎನ್ನುತ್ತಿತ್ತು. ಇಷ್ಟು ದಿನವೂ ಇದನ್ನೇ ಕೇಳುತ್ತಿದ್ದೆನೇನೋ ಎನ್ನಿಸಿತು. ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಎದ್ದು ಹೋಗಿ ಪಾಠ ಓದಿಕೊಂಡೆ. ವಾದಗಳೆಲ್ಲ ಆಮೇಲೆ ಒಂದೊಂದಾಗಿ ಬಂದು ಸೇರಿಕೊಂಡವು.

ಇನ್ನೊಂದು ವಿಷಯ. ದೇವರ ಮೇಲೆ ಮುನಿಯುವ ಹಕ್ಕು ಆ ರಾತ್ರಿ ಯಾರಿಗಾದರೂ ಇದ್ದಿದ್ದರೆ ಅದು ಕಂಬಳಿ ಮಡಿಸಿದವರಿಗೆ. ಅವರು ಮುನಿಯಲಿಲ್ಲ. ತಾಯಿಯನ್ನು ಮರಳಿ ಪಡೆದ ನಾನು ಅವರ ದುಃಖವನ್ನು ಎರವಲು ತಂದು ವಾದ ಮಾಡಿಕೊಂಡೆ.

ಹಾಗಾದರೆ ನಿಮ್ಮೆಲ್ಲರದೂ ಹೀಗೆಯೇ? ಕಾರಣಗಳನ್ನು ತೂಗಿ ನೋಡಿ ನಂಬಿದವರು ಅಥವಾ ಬಿಟ್ಟವರು ಯಾರಾದರೂ ಇದ್ದೀರಾ?

ಲೆಕ್ಕದ ಮೇಷ್ಟ್ರು:

ಇದ್ದೇನೆ, ಕೈ ಎತ್ತಿದ್ದೇನೆ. ನಾನು ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತನಾದವನು. ದೇವರು ಪ್ರಾರ್ಥನೆ ಕೇಳುತ್ತಾನೆ ಎಂದರೆ ಅದು ಲೆಕ್ಕದಲ್ಲಿ ಎಲ್ಲಾದರೂ ಕಾಣಬೇಕು. 1872ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಇದನ್ನೇ ನೋಡಿದ. ಇಂಗ್ಲೆಂಡಿನ ರಾಜಮನೆತನದವರ ದೀರ್ಘಾಯುಷ್ಯಕ್ಕಾಗಿ ದೇಶದ ಚರ್ಚುಗಳಲ್ಲೆಲ್ಲ ಪ್ರಾರ್ಥನೆ ನಡೆಯುತ್ತಿತ್ತು. ಅವನು ಬಳಸಿದ ಪಟ್ಟಿಯಲ್ಲಿ ರಾಜಮನೆತನದ ಗಂಡಸರ ಸರಾಸರಿ ಆಯುಸ್ಸು ಸುಮಾರು 64, ಯಾರೂ ಪ್ರಾರ್ಥಿಸದ ಸ್ಥಿತಿವಂತ ಜಮೀನ್ದಾರರದು ಸುಮಾರು 70. ಸ್ಥಿತಿವಂತರ ಪೈಕಿ ಎಲ್ಲರಿಗಿಂತ ಮೊದಲು ಸಾಯುತ್ತಿದ್ದವರು ರಾಜವಂಶದವರೇ.

ಅದು ಹಳೆಯದು, ಒರಟು ಲೆಕ್ಕ ಎನ್ನಬಹುದು. 2006ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗ ಒರಟಲ್ಲ. ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯ 1802 ರೋಗಿಗಳನ್ನು ಮೂರು ಗುಂಪು ಮಾಡಿದರು. ಮೊದಲ ಎರಡು ಗುಂಪಿನವರಿಗೆ ತಮಗಾಗಿ ಪ್ರಾರ್ಥನೆ ನಡೆಯಬಹುದು, ನಡೆಯದೆಯೂ ಇರಬಹುದು ಎಂದಷ್ಟೇ ಹೇಳಿದ್ದರು. ಪ್ರಾರ್ಥನೆ ನಡೆದ ಗುಂಪಿನಲ್ಲಿ ತೊಡಕು ಕಂಡದ್ದು 52 ಶೇಕಡಾ ಜನರಿಗೆ, ನಡೆಯದ ಗುಂಪಿನಲ್ಲಿ 51. ಮೂರನೆಯ ಗುಂಪಿಗೆ "ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಿದ್ದಾರೆ" ಎಂದು ತಿಳಿಸಿದ್ದರು. ಅವರಲ್ಲಿ 59! ನನ್ನ ಸ್ಥಿತಿ ಅಷ್ಟು ಕೆಟ್ಟಿದೆಯೇ ಎಂದು ಗಾಬರಿಯಾಗಿರಬೇಕು, ಪಾಪ.

ಇದನ್ನು ಓದಿ ಬಿಟ್ಟವನು ನಾನು. ಕಾರಣವೇ ಮೊದಲು.

ಕೆಂಪುಶಾಯಿ:

ಮೇಷ್ಟ್ರೇ, ತಪ್ಪು ತಿಳಿಯಬೇಡಿ, ಹುಳುಕು ಹುಡುಕುವುದು ನನ್ನ ವೃತ್ತಿ. ಆ ಪ್ರಯೋಗದ ಫಲಿತಾಂಶ ಉಲ್ಟಾ ಬಂದಿದ್ದರೆ, ಅಂದರೆ ಪ್ರಾರ್ಥನೆ ನಡೆದವರಲ್ಲಿ ತೊಡಕು 40 ಶೇಕಡಾಕ್ಕೆ ಇಳಿದಿದ್ದರೆ, ಮರುದಿನ ಬೆಳಿಗ್ಗೆ ನೀವು ಕೈಮುಗಿಯುತ್ತಿದ್ದಿರಾ?

ಲೆಕ್ಕದ ಮೇಷ್ಟ್ರು:

ಇಲ್ಲ. ಪ್ರಯೋಗದಲ್ಲಿ ಎಲ್ಲೋ ದೋಷವಿದೆ ಎಂದು ಒಂದು ವಾರ ನಿದ್ದೆಗೆಟ್ಟು ಹುಡುಕುತ್ತಿದ್ದೆ.

ಸಿಕ್ಕಿಬಿದ್ದೆ.

ಸುಮ್ಮನೆ ಬಂದವನು:

ಆ ಫ್ಯಾನಿಗೆ ಎಣ್ಣೆ ಬಿಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಸಂಜೆಮಲ್ಲಿಗೆ:

ನಾನು ನಂಬುವವಳು. ಪ್ರಶ್ನೆ ನನಗೂ ಚುಚ್ಚುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಫ್ರಾನ್ಸಿನ ಗಣಿತಜ್ಞ ಬ್ಲೇಸ್ ಪ್ಯಾಸ್ಕಲ್ ಹೆಸರು ಬಂದಾಗಲೆಲ್ಲ ಜನ ಅವನ ಪಣದ ವಾದವನ್ನು ಎತ್ತುತ್ತಾರೆ: ದೇವರಿದ್ದು ನೀವು ನಂಬಿದ್ದರೆ ಲಾಭ ಅಪಾರ, ಇಲ್ಲದಿದ್ದರೆ ನಷ್ಟ ಅಷ್ಟಕ್ಕಷ್ಟೇ, ಆದ್ದರಿಂದ ನಂಬುವುದೇ ಜಾಣತನ. ಕೇಳಿದರೆ ವ್ಯಾಪಾರದ ಮಾತಿನಂತಿದೆ, ನನಗೆ ಹಿಡಿಸುವುದೂ ಇಲ್ಲ. ಆದರೆ ಪ್ಯಾಸ್ಕಲ್ ಸ್ವತಃ ಆ ಲೆಕ್ಕ ಹಾಕಿ ಭಕ್ತನಾದವನಲ್ಲ. 1654ರ ನವೆಂಬರ್ 23ರ ರಾತ್ರಿ, ಹತ್ತೂವರೆಯಿಂದ ಹನ್ನೆರಡೂವರೆಯವರೆಗೆ, ಅವನಿಗೆ ಏನೋ ಆಯಿತು. ಏನಾಯಿತು ಎಂಬುದಕ್ಕೆ ಇರುವುದು ಒಂದು ಚೀಟಿ ಮಾತ್ರ. ಅದರಲ್ಲಿ "ಬೆಂಕಿ" ಎಂಬ ಪದ ಒಂಟಿಯಾಗಿ ಒಂದು ಸಾಲಿನಲ್ಲಿ ನಿಂತಿದೆ. ಮುಂದೆ, ಇವನು ಅಬ್ರಹಾಮನ ದೇವರು, ತತ್ವಜ್ಞಾನಿಗಳ ದೇವರಲ್ಲ ಎಂಬರ್ಥದ ಮಾತು. ಆ ಚೀಟಿಯನ್ನು ಅಂಗಿಯ ಒಳಪದರಿನಲ್ಲಿಟ್ಟು ಹೊಲಿದುಕೊಂಡ. ಯಾರಿಗೂ ಹೇಳಲಿಲ್ಲ. 1662ರಲ್ಲಿ ಅವನು ಸತ್ತ ಮೇಲೆ ಸೇವಕನೊಬ್ಬನ ಕೈಗೆ ಬಟ್ಟೆಯೊಳಗೆ ಕಾಗದ ತಾಗಿತಂತೆ.

ಎಂಟು ವರ್ಷ! ಅಂಗಿ ಬದಲಾದಾಗಲೆಲ್ಲ ಬಿಚ್ಚಿ ಮತ್ತೆ ಹೊಲಿದುಕೊಂಡಿರಬೇಕಲ್ಲವೇ? ನನಗೆ ಆ ಸೂಜಿಯ ಬಗ್ಗೆಯೇ ಯೋಚನೆ. ಯುರೋಪಿನ ದೊಡ್ಡ ಬುದ್ಧಿವಂತರಲ್ಲೊಬ್ಬ, ಕೂಡುವ ಕಳೆಯುವ ಯಂತ್ರ ಕಟ್ಟಿದವನು, ದೀಪದ ಮುಂದೆ ಕುಳಿತು ಟಾಕು ಹಾಕುತ್ತಿದ್ದಾನೆ. ಪಣದ ವಾದ ಇತರರಿಗಾಗಿ ಬರೆದದ್ದು, ಚೀಟಿ ತನಗಾಗಿ.

ಅವನೂ ಇದನ್ನು ಬಲ್ಲ. ವಾದವನ್ನೆಲ್ಲ ಒಪ್ಪಿದ ಮೇಲೂ ಎದುರಾಳಿ "ಏನು ಮಾಡಲಿ, ನನ್ನಿಂದ ನಂಬಲಾಗುತ್ತಿಲ್ಲ" ಎನ್ನುತ್ತಾನೆ. ಆಗ ಪ್ಯಾಸ್ಕಲ್ ಇನ್ನೊಂದು ವಾದ ಹೂಡುವುದಿಲ್ಲ. ನಂಬುವವರು ಮಾಡುವುದನ್ನು ಮಾಡುತ್ತಾ ಹೋಗು ಎನ್ನುತ್ತಾನೆ.

ನನ್ನ ಚೀಟಿಯಲ್ಲಿ ಏನಿದೆ ಎಂದು ದಯವಿಟ್ಟು ಕೇಳಬೇಡಿ.

ಪೂರ್ವಪಕ್ಷ:

ಎಲ್ಲರೂ "ದೇವರು" ಎಂಬುದು ಒಂದೇ ವಸ್ತುವೆಂಬಂತೆ ಮಾತನಾಡುತ್ತಿದ್ದೀರಿ. ಹಳೆಯ ಸಂಸ್ಕೃತ ಶಾಸ್ತ್ರಗಳಲ್ಲಿ ನಾಸ್ತಿಕ ಎಂಬ ಪದ ಮುಖ್ಯವಾಗಿ ವೇದವನ್ನೋ ಪರಲೋಕವನ್ನೋ ಒಪ್ಪದವನನ್ನು ಕುರಿತದ್ದು, ಈಶ್ವರನನ್ನು ಒಪ್ಪದವನನ್ನಲ್ಲ. ಮೀಮಾಂಸಕರು ವೇದಕ್ಕೆ ಪ್ರಾಣ ಬಿಡುವವರು, ಯಜ್ಞವನ್ನು ಒಂದಕ್ಷರ ತಪ್ಪದೆ ಮಾಡಿಸುವವರು. ಸೃಷ್ಟಿಕರ್ತನ ಮಾತು ಬಂದರೆ ಮಾತ್ರ ಅವರಲ್ಲಿ ಕುಮಾರಿಲ ಭಟ್ಟ ಕೇಳುವ ಪ್ರಶ್ನೆಗಳಿಗೆ ಈಗಿನ ವಿಚಾರವಾದಿಗಳೂ ತಲೆದೂಗಬೇಕು: ಯಾರೂ ಇಲ್ಲದಿದ್ದಾಗ ಅವನು ಸೃಷ್ಟಿಸಿದ್ದನ್ನು ಕಂಡವರು ಯಾರು, ಮುಂದಿನವರಿಗೆ ಹೇಳಿದವರು ಯಾರು? ದೇಹವಿಲ್ಲದವನಿಗೆ ಇಚ್ಛೆ ಹೇಗೆ ಬಂತು? ಕರ್ಮ ತಾನೇ ಫಲ ಕೊಡುತ್ತದೆ, ನಡುವೆ ಒಬ್ಬ ಏಕೆ ಬೇಕು ಎನ್ನುವುದು ಅವರ ನಿಲುವು. ಎದುರಿಗೆ ನ್ಯಾಯ ದರ್ಶನದ ತಾರ್ಕಿಕ ಉದಯನ, ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೂ ಕರ್ತನಿರಲೇಬೇಕು ಎಂದು ಗ್ರಂಥವನ್ನೇ ಬರೆದ.

ಕೆಂಪುಶಾಯಿಯವರೇ, ನೀವು ಕಳೆದುಕೊಂಡದ್ದು ಕುಂಬಾರನನ್ನಲ್ಲ. ಹದಿನಾಲ್ಕರ ಹುಡುಗಿಗೆ ಕುಂಬಾರನ ಚಿಂತೆ ಇರುವುದಿಲ್ಲ. ಕೂಗಿದರೆ ಓಗೊಡುವವನೊಬ್ಬನನ್ನು ಕಳೆದುಕೊಂಡಿರಿ. ಅವನ ಇರವು ಇಲ್ಲದಿರವು ತರ್ಕದ ಅಂಗಳಕ್ಕೆ ಬರುವುದೇ ಕಡಿಮೆ. ಆದ್ದರಿಂದ ತರ್ಕ ತಡವಾಗಿ ಬಂತೆಂದು ನಾಚಿಕೊಳ್ಳುವುದೇನೂ ಬೇಡ.

ಅಲೆಮಾರಿ:

ಬೆಂಚಿನ ಕಥೆ ಓದಿ ಎರಡು ಭೂಕಂಪಗಳು ನೆನಪಾದವು. 1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಿಗ್ಗೆ, ಪೋರ್ಚುಗಲ್ಲಿನ ಲಿಸ್ಬನ್ ನಗರದ ಚರ್ಚುಗಳು ಕಿಕ್ಕಿರಿದಿದ್ದಾಗಲೇ ಭೂಮಿ ನಡುಗಿತು. ಹಬ್ಬಕ್ಕೆಂದು ಹಚ್ಚಿದ್ದ ಮೇಣದ ಬತ್ತಿಗಳಿಂದಲೇ ಬೆಂಕಿ ಹರಡಿತು, ಹಿಂದೆಯೇ ಸಮುದ್ರ ನುಗ್ಗಿತು. ಎಲ್ಲವೂ ಒಳಿತಿಗೇ ಎನ್ನುವವರನ್ನು ಫ್ರಾನ್ಸಿನ ಲೇಖಕ ವೋಲ್ಟೇರ್ ಅದರ ನಂತರ ಹಿಗ್ಗಾಮುಗ್ಗಾ ಜಾಡಿಸಿದ. ಅತ್ತ ಪಾದ್ರಿಗಳು ಇದು ಪಾಪದ ಫಲ, ಇನ್ನಷ್ಟು ಪ್ರಾರ್ಥಿಸಿ ಎಂದರು. ಇನ್ನೊಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್, 2011ರ ಫೆಬ್ರುವರಿ 22. ಅಲ್ಲಿನ ಸಂಶೋಧಕರು ಭೂಕಂಪಕ್ಕೆ ಮೊದಲೇ ಜನರ ನಂಬಿಕೆಯ ಬಗ್ಗೆ ಕೇಳಿಟ್ಟಿದ್ದರು, ಆಮೇಲೆ ಅದೇ ಜನರನ್ನು ಮತ್ತೆ ಕೇಳಿದರು. ದೇಶದ ಉಳಿದೆಡೆ ಧರ್ಮ ಸವೆಯುತ್ತಿದ್ದಾಗ, ಕಂಪನ ಅನುಭವಿಸಿದವರಲ್ಲಿ ಧರ್ಮದ ಕಡೆ ತಿರುಗಿದವರು ಹೆಚ್ಚಿದ್ದರು. ಪೆಟ್ಟು ಬಿದ್ದರೆ ನಂಬಿಕೆ ಹೋಗುತ್ತದೆ ಎನ್ನುವುದು ಹೊರಗೆ ನಿಂತವರ ತರ್ಕ. ಕಂಬಳಿಯ ಹಿರಿಯರು ಒಳಗಿದ್ದವರು.

ಹಾಗಾದರೆ ನಂಬಿಕೆ ಹತ್ತುವುದು ಎಲ್ಲಿಂದ? ನನಗೆ ಒಪ್ಪಿಗೆಯಾದ ಉತ್ತರ ಮಾನವಶಾಸ್ತ್ರಜ್ಞ ಜೋಸೆಫ್ ಹೆನ್ರಿಕ್ 2009ರಲ್ಲಿ ಮಂಡಿಸಿದ್ದು. ಮಕ್ಕಳು ದೊಡ್ಡವರ ಬಾಯಿಮಾತನ್ನು ಸುಲಭಕ್ಕೆ ನಂಬುವುದಿಲ್ಲ, ಆ ಮಾತಿಗಾಗಿ ಅವರು ಏನನ್ನು ತೆರುತ್ತಾರೆ ಎಂದು ನೋಡುತ್ತಾರೆ. ಈ ಅಣಬೆ ವಿಷವಲ್ಲ ಎನ್ನುವವನು ತಾನೇ ಮೊದಲು ತಿಂದು ತೋರಿಸಬೇಕು. ದೇವರಿದ್ದಾನೆ ಎನ್ನುವವರು ಅದಕ್ಕಾಗಿ ನಿದ್ದೆಯನ್ನೋ ಹಸಿವನ್ನೋ ಹಣವನ್ನೋ ಕೊಡುವುದನ್ನು ಕಂಡ ಮಗುವಿಗೆ ಅದು ಇಳಿಯುತ್ತದೆ, ಬರೀ ಉಪದೇಶ ಕೇಳಿದ ಮಗುವಿಗೆ ಇಳಿಯುವುದಿಲ್ಲ. ಜೊನಾಥನ್ ಲ್ಯಾನ್‌ಮನ್ ಮತ್ತಿತರರು ಆಮೇಲೆ ವಯಸ್ಕರನ್ನು ಕೇಳಿ ನೋಡಿದಾಗಲೂ ಬಾಲ್ಯದಲ್ಲಿ ಕಂಡ ನಡೆಗೂ ಈಗಿನ ನಂಬಿಕೆಗೂ ನಂಟು ಕಂಡಿದೆ.

ಆದ್ದರಿಂದ "ಒಂದೇ ಮನೆ" ಎಂಬ ನಿಮ್ಮ ಮಾತಿನ ಕೆಳಗೆ ನಾನು ಕೆಂಪು ಗೆರೆ ಎಳೆಯುತ್ತೇನೆ. ನಿಮ್ಮ ತಮ್ಮ ಏನನ್ನು ಕಂಡಿದ್ದರು? ಕೇಳಿದ್ದೀರಾ?

ಕೆಂಪುಶಾಯಿ:

ಕೇಳಿರಲಿಲ್ಲ. ಇಷ್ಟು ವರ್ಷ ಅವನೊಡನೆ ಜಗಳವಾಡಿದ್ದೇನೆ, ಕೇಳಿದ್ದಿಲ್ಲ. ನಿನ್ನೆ ರಾತ್ರಿ ಫೋನ್ ಮಾಡಿದೆ.

ಮೊದಲು ಬೆಂಚಿನ ವಿಷಯ. "ಆ ರಾತ್ರಿಯೆಲ್ಲ ನೀನು ಪ್ರಾರ್ಥನೆ ಮಾಡುತ್ತಿದ್ದೆಯಲ್ಲ" ಎಂದೆ. ಅವನು ನಕ್ಕುಬಿಟ್ಟ. "ಇಲ್ಲ ಅಕ್ಕ, ಡಾಕ್ಟರು ಹೇಳಿದ್ದ ಔಷಧಿಗಳ ಹೆಸರನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ, ಚೀಟಿ ಕಳೆದುಹೋಗಿತ್ತು, ನಿನಗೆ ಹೇಳಿದರೆ ಬೈಯುತ್ತೀಯೆಂದು ಭಯ. ಪ್ರಾರ್ಥನೆ ಮಾಡುತ್ತಿದ್ದವಳು ನೀನು ಎಂದುಕೊಂಡಿದ್ದೆ. ಕಣ್ಣು ಮುಚ್ಚಿದ್ದೆಯಲ್ಲ." ನಾನು ತೂಕಡಿಸುತ್ತಿದ್ದೆ. ಹನ್ನೊಂದು ವರ್ಷದಿಂದ ಹೇಳಿಕೊಂಡು ಬಂದ ಕಥೆಯಲ್ಲಿ ಈಗ ಉಳಿದಿರುವುದು ಕಂಬಳಿಯೊಂದೇ.

ಆಮೇಲೆ ಅಲೆಮಾರಿಯವರ ಪ್ರಶ್ನೆ ಕೇಳಿದೆ. ತುಸು ಹೊತ್ತು ಸುಮ್ಮನಿದ್ದ. ನಮ್ಮ ತಂದೆಗೆ ಕೆಲಸ ಹೋಗಿ ಒಂದು ವರ್ಷ ಮನೆಯಲ್ಲಿದ್ದರು. ಅವನಿಗಾಗ ಏಳೋ ಎಂಟೋ. ಅಮ್ಮನ ಪಕ್ಕ ಮಲಗುತ್ತಿದ್ದ. ನಡುರಾತ್ರಿ ಎಚ್ಚರವಾದರೆ ಹಾಸಿಗೆಯಲ್ಲಿ ಅಮ್ಮ ಇರುತ್ತಿರಲಿಲ್ಲವಂತೆ. ಕತ್ತಲಲ್ಲಿ ಗೋಡೆಗೆ ಮುಖ ಮಾಡಿ ಕುಳಿತು, ಪಿಸುಮಾತಿನಲ್ಲಿ ಮನೆಯವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದಳಂತೆ. ಮಂತ್ರವಲ್ಲ, ಸ್ತೋತ್ರವಲ್ಲ, ಬರೀ ಹೆಸರು. ಎಲ್ಲ ಮುಗಿದ ಮೇಲೆ ಮತ್ತೆ ಮೊದಲಿನಿಂದ. ಹಗಲಿನಲ್ಲಿ ನಮಗೆ ಹೇಳಿಕೊಡುತ್ತಿದ್ದ ಪ್ರಾರ್ಥನೆಗೂ ಇದಕ್ಕೂ ಸಂಬಂಧವೇ ಇರಲಿಲ್ಲ ಎಂದ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದಿರುತ್ತಿದ್ದವಳೂ ಅವಳೇ.

"ನೀನು ಅವಳನ್ನು ಕರೆಯಲಿಲ್ಲವೇ?"

"ಇಲ್ಲ. ನನ್ನ ಹೆಸರು ಬರುವವರೆಗೆ ಕಾಯುತ್ತಿದ್ದೆ. ಬಂದ ಮೇಲೆ ನಿದ್ದೆ ಬರುತ್ತಿತ್ತು. ನಿನ್ನ ಹೆಸರು ಬೇಗ ಬರುತ್ತಿತ್ತು, ನೀನು ದೊಡ್ಡವಳಲ್ಲ."

ಮೇಷ್ಟ್ರೇ, ಇದರಿಂದ ಯಾವುದೂ ಸಿದ್ಧವಾಗುವುದಿಲ್ಲ, ನನಗೆ ಗೊತ್ತು. ನನ್ನ ನಂಬಿಕೆ ಮರಳಿಯೂ ಇಲ್ಲ. ಆ ವರ್ಷ ನನಗೆ ಪರೀಕ್ಷೆಯಿತ್ತು. ಓದಲು ಅನುಕೂಲವೆಂದು ನನ್ನ ಹಾಸಿಗೆಯನ್ನು ಫ್ಯಾನಿದ್ದ ಕೋಣೆಗೆ ಹಾಕಿಸಿಕೊಂಡಿದ್ದೆ.