ಕಸದ ಘಟಕಕ್ಕೆ ಮೂರು ಜಾಗ, ಒಂದು ಅಂಕಪಟ್ಟಿ: ವೇಟೇಜ್ ಯಾರು ಕೊಡಬೇಕು?

ಪ್ರಶ್ನೆ (ಗ್ರಾಮ ಪಂಚಾಯ್ತಿ ಸದಸ್ಯೆ):
ಮೇಡಂ ನಮಸ್ಕಾರ. ನಮ್ಮ ಪಂಚಾಯ್ತಿಗೆ ಕಸದ ಘಟಕ ಮಂಜೂರಾಗಿದೆ. ಒಣ ಕಸ ಬೇರ್ಪಡಿಸೋಕೆ ಒಂದು ಶೆಡ್, ಪಕ್ಕದಲ್ಲೇ ಹಸಿ ಕಸದ ಗೊಬ್ಬರ ಗುಂಡಿಗಳು. ಮೂರು ಜಾಗ ನೋಡಿದ್ದೇವೆ. ಒಂದು ಕೆರೆ ಪಕ್ಕದ ಗೋಮಾಳ, ಊರಿಂದ ಒಂದೂವರೆ ಕಿಲೋಮೀಟರ್. ಇನ್ನೊಂದು ಹೆದ್ದಾರಿ ಕಡೆ, 2 ಕಿ.ಮೀ, ಅಲ್ಲಿ 40 ಮನೆಗಳ ಒಂದು ಕಾಲನಿ ಇದೆ. ಮೂರನೆಯದು ನಿಂತುಹೋದ ಕಲ್ಲು ಕ್ವಾರಿ ಹತ್ತಿರ, 6 ಕಿ.ಮೀ.

ಜಗಳ ಬೇಡ ಅಂತ ಒಂದು ಅಂಕಪಟ್ಟಿ ಮಾಡಿದೆವು. ನಾಲ್ಕು ವಿಷಯ, ಒಂದೊಂದಕ್ಕೂ 10 ಅಂಕ, ಜಾಸ್ತಿ ಅಂಕ ಅಂದರೆ ಒಳ್ಳೆಯದು. ಸಾಗಣೆ, ಖರ್ಚು, ಮನೆಗಳಿಂದ ದೂರ, ನೀರಿಗೆ ಅಪಾಯ ಇಲ್ಲದಿರುವುದು, ಇದೇ ಕ್ರಮದಲ್ಲಿ ಹೇಳಿದರೆ ಗೋಮಾಳಕ್ಕೆ 9, 10, 7, 2. ಹೆದ್ದಾರಿ ಜಾಗಕ್ಕೆ 8, 7, 3, 8. ಕ್ವಾರಿಗೆ 3, 4, 9, 7. ವೇಟೇಜ್, ಅಂದರೆ ಯಾವ ವಿಷಯಕ್ಕೆ ನೂರಕ್ಕೆ ಎಷ್ಟು ತೂಕ ಅನ್ನೋದು, 30, 30, 20, 20 ಇಟ್ಟೆವು. ಗೋಮಾಳಕ್ಕೆ 7.5 ಬಂತು, ಹೆದ್ದಾರಿಗೆ 6.7, ಕ್ವಾರಿಗೆ 5.3. ಲೆಕ್ಕ ಸರಿ ಇದೆ. ಆದರೂ ಕೆರೆ ಪಕ್ಕ ಕಸ ಹಾಕೋದಕ್ಕೆ ನನಗೆ ಮನಸ್ಸು ಒಪ್ಪುತ್ತಿಲ್ಲ. ಲೆಕ್ಕ ತಪ್ಪಾ, ನನ್ನ ಮನಸ್ಸು ತಪ್ಪಾ?

ಉತ್ತರ (ಯೋಜನಾ ತಜ್ಞೆ):
ನಿಮ್ಮ ಮನಸ್ಸು ತಪ್ಪಲ್ಲ. ಇಷ್ಟು ಬಿಡಿಸಿ ಬರೆದಿದ್ದಕ್ಕೆ ಥ್ಯಾಂಕ್ಸ್. ಎಷ್ಟೋ ಕಡೆ ಅಂಕಪಟ್ಟಿಯನ್ನೇ ತೋರಿಸದೆ ಫಲಿತಾಂಶ ಮಾತ್ರ ಓದುತ್ತಾರೆ.

ಮೊದಲು ಒಂದು ಕೆಲಸ ಮಾಡಿ. ಅಂಕ ಮುಟ್ಟಬೇಡಿ, ವೇಟೇಜ್ ಮಾತ್ರ ಬದಲಿಸಿ. 20, 20, 30, 30 ಇಟ್ಟರೆ ಗೋಮಾಳ 6.5, ಹೆದ್ದಾರಿ 6.3, ಕ್ವಾರಿ 6.2. ಮೂರೂ ಹೆಚ್ಚುಕಡಿಮೆ ಒಂದೇ. ಇನ್ನೂ ಸ್ವಲ್ಪ ಸರಿಸಿ 15, 15, 35, 35 ಮಾಡಿದರೆ ಕ್ವಾರಿ 6.65ಕ್ಕೆ ಏರಿ ಮೊದಲಾಗುತ್ತದೆ, ಗೋಮಾಳ 6.0ಕ್ಕೆ ಇಳಿದು ಕೊನೆಗೆ ಬೀಳುತ್ತದೆ. ಅಂದರೆ ಜಾಗ ಆರಿಸಿದ್ದು ಅಂಕ ಅಲ್ಲ, ವೇಟೇಜ್. ಆ 30, 30, 20, 20 ಹೇಳಿದ್ದು ಯಾರು, ಯಾವ ಆಧಾರದ ಮೇಲೆ? ಸುಮ್ನೆ ಕೇಳುತ್ತಿಲ್ಲ, ಉತ್ತರ ಬೇಕು. ಖರ್ಚು ಅನ್ನೋ ಕಾಲಂನಲ್ಲಿ ಏನೇನು ಸೇರಿಸಿದ್ದೀರಿ, ಅದನ್ನೂ ಹೇಳಿ.

ಪ್ರಶ್ನೆ ಕೇಳಿದವರು:
ವೇಟೇಜ್ ಸಭೆಯಲ್ಲೇ ಬಾಯಿಮಾತಿನಲ್ಲಿ ಬಂತು ಮೇಡಂ. ಒಬ್ಬರು ಹಿರಿಯ ಸದಸ್ಯರು ಹೇಳಿದರು, ಎಲ್ಲರೂ ಆಯ್ತು ಅಂದೆವು. ಖರ್ಚಿನಲ್ಲಿ ಕಾಂಪೌಂಡು, ಕ್ವಾರಿಗೆ ಹೋಗುವ ರಸ್ತೆ ರಿಪೇರಿ ಸುಮಾರು 6 ಲಕ್ಷ, ಆಮೇಲೆ ಆಟೋ ಟಿಪ್ಪರ್‌ನ ಡೀಸೆಲ್ ಸೇರಿದೆ.

ಉತ್ತರ:
ಅಲ್ಲೇ ಒಂದು ತಪ್ಪು ಸಿಕ್ಕಿತು. ಡೀಸೆಲ್ ಖರ್ಚಿನಲ್ಲೂ ಇದೆ, ಸಾಗಣೆಯಲ್ಲೂ ಇದೆ. ದೂರ ಇರುವುದಕ್ಕೆ ಕ್ವಾರಿ ಎರಡು ಸಲ ಪೆಟ್ಟು ತಿಂದಿದೆ. ಎರಡು ಕಾಲಂ ಒಂದೇ ಸಂಗತಿ ಹೇಳುತ್ತಿದ್ದರೆ ಒಂದನ್ನು ತೆಗೆಯಬೇಕು.

ಈಗ ಆ ಡೀಸೆಲ್ ನಿಜವಾಗಿ ಎಷ್ಟು ಅಂತ ನೋಡೋಣ. ಗೋಮಾಳಕ್ಕಿಂತ ಕ್ವಾರಿ ನಾಲ್ಕೂವರೆ ಕಿ.ಮೀ ಜಾಸ್ತಿ, ಹೋಗಿ ಬರೋಕೆ 9. ದಿನಕ್ಕೆ ಒಂದು ಟ್ರಿಪ್, ತಿಂಗಳಿಗೆ 26 ದಿನ ಅಂದರೆ 234 ಕಿ.ಮೀ. ಟಿಪ್ಪರ್ ಲೀಟರ್‌ಗೆ 15 ಕಿ.ಮೀ ಕೊಡುತ್ತದೆ ಅಂದುಕೊಳ್ಳಿ, ಹದಿನೈದೂವರೆ ಲೀಟರ್ ಚಿಲ್ಲರೆ. ಲೀಟರ್‌ಗೆ 90 ರೂಪಾಯಿ ಹಿಡಿದರೆ ತಿಂಗಳಿಗೆ ಸುಮಾರು 1,400 ರೂಪಾಯಿ. ಇಷ್ಟೇ! 1,400 ರೂಪಾಯಿ ವ್ಯತ್ಯಾಸಕ್ಕೆ ನೀವು ಒಂದು ಕಡೆ 9 ಇನ್ನೊಂದು ಕಡೆ 3 ಅಂಕ ಕೊಟ್ಟು, ಅದರ ಮೇಲೆ 30 ವೇಟೇಜ್ ಕೂರಿಸಿದ್ದೀರಿ. ಕೆರೆ ನೀರಿಗೆ ಕೊಟ್ಟಿದ್ದು 20.

‘ಸಾಗಣೆ ಮುಖ್ಯವಾ, ನೀರು ಮುಖ್ಯವಾ’ ಅಂತ ಕೇಳಿ ವೇಟೇಜ್ ಕೊಡಬಾರದು. ಈ ಮೂರು ಜಾಗಗಳ ನಡುವೆ ಸಾಗಣೆಯಲ್ಲಿ ಎಷ್ಟು ವ್ಯತ್ಯಾಸ ಇದೆ, ನೀರಿನಲ್ಲಿ ಎಷ್ಟು ವ್ಯತ್ಯಾಸ ಇದೆ, ಆ ಎರಡು ವ್ಯತ್ಯಾಸಗಳಲ್ಲಿ ಯಾವುದು ದೊಡ್ಡದು ಅಂತ ಕೇಳಬೇಕು. ಹೀಗೆ ಮಾಡಿ. ನಾಲ್ಕೂ ವಿಷಯದಲ್ಲಿ ಅತಿ ಕೆಟ್ಟ ಅಂಕ ಬಿದ್ದ ಒಂದು ಜಾಗ ಕಲ್ಪಿಸಿಕೊಳ್ಳಿ. ಒಂದನ್ನು ಮಾತ್ರ ಕೆಟ್ಟದ್ದರಿಂದ ಒಳ್ಳೆಯದಕ್ಕೆ ಏರಿಸಬಹುದು ಅಂದರೆ ಯಾವುದನ್ನು ಏರಿಸುತ್ತೀರಿ? ಅದಕ್ಕೆ 100. ಉಳಿದ ಮೂರನ್ನು ಅದರ ಜೊತೆ ಹೋಲಿಸಿ, ಇದು ಅದರ ಅರ್ಧವಾ, ಕಾಲುಭಾಗವಾ ಅಂತ ಇಳಿಸುತ್ತಾ ಬನ್ನಿ. ಇದನ್ನು ಅಂಕ ಕೊಟ್ಟವರೇ ಮಾಡಬಾರದು, ಬೇರೆಯವರು ಮಾಡಬೇಕು.

ಇನ್ನೊಂದು ಮಾತು. ಕೆಲವು ವಿಷಯಕ್ಕೆ ಅಂಕವೇ ಕೊಡಬಾರದು. ನೀರಿಗೆ 2 ಅಂಕ ಬಂದ ಜಾಗ ಖರ್ಚಿನಲ್ಲಿ 10 ತೆಗೆದುಕೊಂಡು ಪಾಸಾಗಿಬಿಟ್ಟಿದೆ. ಕುಡಿಯುವ ನೀರು ಕೆಟ್ಟರೆ ಉಳಿದ ದುಡ್ಡಿನಿಂದ ಅದನ್ನು ಸರಿ ಮಾಡೋಕೆ ಆಗುತ್ತಾ? ಇಂಥದ್ದನ್ನು ಮೊದಲೇ ಬಾಗಿಲಲ್ಲಿ ನಿಲ್ಲಿಸಬೇಕು. 2016ರ ಘನತ್ಯಾಜ್ಯ ನಿಯಮದಲ್ಲಿ ಕಸ ಹೂಳುವ ಲ್ಯಾಂಡ್‌ಫಿಲ್ ಜಾಗ ನದಿಯಿಂದ 100 ಮೀಟರ್, ಕೊಳದಿಂದ, ಮನೆಗಳಿಂದ, ಕುಡಿಯುವ ನೀರಿನ ಬಾವಿಯಿಂದ 200 ಮೀಟರ್ ದೂರ ಇರಬೇಕು ಅಂತ ಇತ್ತು. ಅದು ಲ್ಯಾಂಡ್‌ಫಿಲ್‌ಗೆ ಹೇಳಿದ್ದು, ನಿಮ್ಮ ಶೆಡ್‌ಗೆ ಅಲ್ಲ. ಆದರೂ ಹಸಿ ಕಸದ ಗುಂಡಿ ಇದೆಯಲ್ಲ, ಅದನ್ನೇ ಅಳತೆಗೋಲು ಮಾಡಿಕೊಂಡರೆ ನಷ್ಟ ಇಲ್ಲ. ಗೋಮಾಳದ ಹತ್ತಿರ ಬೋರ್‌ವೆಲ್ ಏನಾದರೂ ಇದೆಯಾ?

ಪ್ರಶ್ನೆ ಕೇಳಿದವರು:
ಈವತ್ತು ಬೆಳಿಗ್ಗೆ ವಾಟರ್‌ಮ್ಯಾನ್ ಜೊತೆ ಟೇಪ್ ಹಿಡಿದು ಹೋಗಿದ್ದೆ. ಊರಿಗೆ ನೀರು ಬಿಡುವ ಬೋರ್ ಗೋಮಾಳದ ಗಡಿಗೆ 140 ಮೀಟರ್. ಗೋಮಾಳ ಎತ್ತರದಲ್ಲಿದೆ, ಬೋರ್ ಇರೋದು ಇಳಿಜಾರಿನ ಕೆಳಗೆ. ‘ಕೋಡಿ ಬಿದ್ದ ವರ್ಷ ನೀರು ಇಲ್ಲಿವರೆಗೆ ಬಂದಿತ್ತು’ ಅಂತ ವಾಟರ್‌ಮ್ಯಾನ್ ಒಂದು ಜಾಲಿ ಮರ ತೋರಿಸಿದರು. ಆ ಮರ ನಾವು ಶೆಡ್‌ಗೆ ಗುರುತು ಮಾಡಿದ ಜಾಗದ ಒಳಗೇ ಇದೆ.

ಉತ್ತರ:
ಹಾಗಾದರೆ ಗೋಮಾಳ ಪಟ್ಟಿಯಲ್ಲೇ ಇರಬಾರದು. ಈ ಮಾತನ್ನು ಆ ಮರದ ಸಮೇತ ನಡಾವಳಿಯಲ್ಲಿ ಬರೆಸಿ. ನಾಳೆ ಯಾರಾದರೂ ‘7.5 ಬಂದ ಜಾಗ ಯಾಕೆ ಬಿಟ್ಟಿರಿ’ ಅಂತ ಕೇಳಿದರೆ ತೋರಿಸೋಕೆ ಬೇಕಾಗುತ್ತದೆ.

ಎಂ.ಟೆಕ್ ವಿದ್ಯಾರ್ಥಿ:
ಮೇಡಂ, ಇದಕ್ಕೆ ಎ.ಎಚ್.ಪಿ. ಬಳಸಿದರೆ ವೈಜ್ಞಾನಿಕ ಆಗುತ್ತೆ ಅಲ್ವಾ? ಬಾಯಿಮಾತಿನ ವೇಟೇಜ್ ಬರೋದಿಲ್ಲ.

ಉತ್ತರ:
ಬೇರೆಯವರಿಗೂ ಗೊತ್ತಾಗಲಿ ಅಂತ ಹೇಳುತ್ತೇನೆ. ಎ.ಎಚ್.ಪಿ. (ಅನಲಿಟಿಕ್ ಹೈರಾರ್ಕಿ ಪ್ರೋಸೆಸ್) ಅನ್ನೋದು ಥಾಮಸ್ ಸಾಟಿ ಅನ್ನುವವರು 1970ರ ದಶಕದಲ್ಲಿ ಕಟ್ಟಿದ ವಿಧಾನ. ವಿಷಯಗಳನ್ನು ಎರಡೆರಡಾಗಿ ಹೋಲಿಸಿ, ಯಾವುದು ಎಷ್ಟು ಪಟ್ಟು ಮುಖ್ಯ ಅಂತ 1ರಿಂದ 9ರವರೆಗೆ ಹೇಳಬೇಕು. ನಾವು ಹೇಳಿದ್ದರಲ್ಲಿ ಒಂದಕ್ಕೊಂದು ತಾಳೆ ಇದೆಯಾ ಅಂತ ಅದು ಪರೀಕ್ಷೆ ಮಾಡುತ್ತದೆ, ತಾಳೆ ತಪ್ಪಿದ ಪ್ರಮಾಣ 0.1ರ ಒಳಗಿದ್ದರೆ ಸರಿ ಅನ್ನುತ್ತಾರೆ. ಒಳ್ಳೆಯ ಶಿಸ್ತು, ನಾನೂ ಬಳಸಿದ್ದೇನೆ.

ಆದರೆ ತಾಳೆ ಇದೆ ಅಂದ ಮಾತ್ರಕ್ಕೆ ಹೇಳಿದ್ದು ಸರಿ ಅಂತ ಅರ್ಥ ಅಲ್ಲ. ಆ ಹಿರಿಯ ಸದಸ್ಯರನ್ನೇ ಕೂರಿಸಿ ಎ.ಎಚ್.ಪಿ. ಮಾಡಿಸಿದರೂ ಸಾಗಣೆಗೇ ಜಾಸ್ತಿ ಬರುತ್ತದೆ, ಅದೂ ಮೂರು ದಶಮಾಂಶ ಸ್ಥಾನದವರೆಗೆ. ಇನ್ನೊಂದು ತೊಂದರೆ ಇದೆ. ಪಟ್ಟಿಗೆ ಹೊಸ ಜಾಗ ಒಂದನ್ನು ಸೇರಿಸಿದರೆ ಹಳೆಯ ಜಾಗಗಳ ಸ್ಥಾನ ಮೇಲೆ ಕೆಳಗೆ ಅದಲುಬದಲಾಗೋದೂ ಉಂಟು. ಥೀಸಿಸ್‌ನಲ್ಲಿ ಬಳಸಿ ಪರವಾಗಿಲ್ಲ, ಆದರೆ ಯಾರನ್ನು ಕೇಳಿದಿರಿ ಅನ್ನೋದನ್ನು ಮೊದಲ ಪುಟದಲ್ಲೇ ಬರೆಯಿರಿ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು:
ಪಂಚಾಯ್ತಿ ಸರಿ. ಸರ್ಕಾರದ ಮಟ್ಟದಲ್ಲೂ ಹೀಗೇ ವೇಟೇಜ್ ಮೇಲೆ ನಿರ್ಧಾರ ಆಗುತ್ತಾ?

ಉತ್ತರ:
ಆಗುತ್ತದೆ, ಅಲ್ಲಿ ಇನ್ನೂ ಜೋರಾಗಿ. ನೀವು ಓದಿರುವ, ಕರ್ನಾಟಕದ ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ಸಮಿತಿಯನ್ನೇ ತೆಗೆದುಕೊಳ್ಳಿ. 2002ರ ವರದಿ. ಕೃಷಿ, ಕೈಗಾರಿಕೆ, ರಸ್ತೆ, ಶಿಕ್ಷಣ, ಆರೋಗ್ಯ ಎಲ್ಲ ಸೇರಿ 35 ಸೂಚಕ ಇಟ್ಟು, ಒಂದೊಂದು ತಾಲ್ಲೂಕಿಗೂ ಒಂದು ಸೂಚ್ಯಂಕ ಕಟ್ಟಿದರು. ರಾಜ್ಯದ ಸರಾಸರಿ 1, ಅದಕ್ಕಿಂತ ಕೆಳಗಿದ್ದರೆ ಹಿಂದುಳಿದ ತಾಲ್ಲೂಕು. ಆಗ ಇದ್ದ 175ರಲ್ಲಿ 114 ಹಾಗೆ ಬಂದವು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಎಂಟು ವರ್ಷಕ್ಕೆ 31,000 ಕೋಟಿಯ ವಿಶೇಷ ಅಭಿವೃದ್ಧಿ ಯೋಜನೆ ಶಿಫಾರಸಾಗಿದ್ದು ಇದೇ ಲೆಕ್ಕದ ಮೇಲೆ. ಉತ್ತರ ಕರ್ನಾಟಕದವರು ವರ್ಷಗಟ್ಟಲೆ ಹೇಳುತ್ತಿದ್ದ ಮಾತಿಗೆ ಅಂಕಿ ಸಿಕ್ಕಿತು. ಅದು ದೊಡ್ಡ ಕೆಲಸ, ನನಗೆ ಆ ವರದಿ ಮೇಲೆ ತುಂಬಾ ಗೌರವ ಇದೆ. ಆದರೂ 35 ಸಂಗತಿಗಳನ್ನು ಒಂದೇ ಅಂಕಿಗೆ ಇಳಿಸಿದಾಗ ಒಂದು ತಾಲ್ಲೂಕಿನ ಒಳ್ಳೆ ರಸ್ತೆ ಅದೇ ತಾಲ್ಲೂಕಿನ ಶಾಲೆಯ ಕೊರತೆಯನ್ನು ಮುಚ್ಚಿಹಾಕಬಹುದು. ದುಡ್ಡು ಹಂಚುವಾಗ ಆ ಒಂದು ಅಂಕಿ ನೋಡಿದರೆ ಸಾಲದು, ಒಳಗಿನ ಕಾಲಂಗಳನ್ನೂ ನೋಡಬೇಕು.

ಇನ್ನೊಂದು, 15ನೇ ಹಣಕಾಸು ಆಯೋಗ. ರಾಜ್ಯಗಳಿಗೆ ಕೇಂದ್ರದ ತೆರಿಗೆ ಪಾಲು ಹಂಚೋಕೆ ಅದು ಇಟ್ಟಿದ್ದು ಆರು ಮಾನದಂಡ: ತಲಾ ಆದಾಯದ ಅಂತರಕ್ಕೆ 45, ಜನಸಂಖ್ಯೆಗೆ 15, ವಿಸ್ತೀರ್ಣಕ್ಕೆ 15, ಜನಸಂಖ್ಯೆ ನಿಯಂತ್ರಣದ ಸಾಧನೆಗೆ 12.5, ಕಾಡು ಮತ್ತು ಪರಿಸರಕ್ಕೆ 10, ತೆರಿಗೆ ಸಂಗ್ರಹದ ಶ್ರಮಕ್ಕೆ 2.5. 14ನೇ ಆಯೋಗದಲ್ಲಿ ಶೇ. 4.713 ಇದ್ದ ಕರ್ನಾಟಕದ ಪಾಲು ಶೇ. 3.647ಕ್ಕೆ ಇಳಿಯಿತು. ಬಡ ರಾಜ್ಯಗಳಿಗೆ ಜಾಸ್ತಿ ಹೋಗಬೇಕು ಅನ್ನೋದನ್ನು ನಾನು ಒಪ್ಪುತ್ತೇನೆ. ಆದರೆ ತೆರಿಗೆ ಶ್ರಮಕ್ಕೆ ಎರಡೂವರೆ ಮಾತ್ರ ಯಾಕೆ, ಹತ್ತು ಯಾಕಲ್ಲ ಅನ್ನೋದಕ್ಕೆ ಯಾವ ಗಣಿತದಲ್ಲೂ ಉತ್ತರ ಸಿಗೋದಿಲ್ಲ. ಅದು ತೀರ್ಮಾನ. ನಾವು ವಾದ ಮಾಡಬೇಕಾದ್ದು ಅಲ್ಲಿ.

ಪ್ರಶ್ನೆ ಕೇಳಿದವರು:
ಮೇಡಂ, ಮತ್ತೆ ನಾನೇ. ಗೋಮಾಳ ಬಿಟ್ಟಾಯ್ತು. ಕಾಲನಿಯವರು ನಮ್ಮ ಸಭೆಗೆ ಬಂದಿರಲಿಲ್ಲ, ಹಾಗಾಗಿ ನಾನೇ ಅವರ ಹತ್ತಿರ ಹೋದೆ. ‘ಗಾಳಿ ನಮ್ಮ ಕಡೆಗೇ ಬೀಸುತ್ತೆ, ಬಾಗಿಲು ತೆಗೆಯೋಕಾಗಲ್ಲ’ ಅಂದರು. ಸರಿ, ಕ್ವಾರಿಯೇ ಇರಲಿ ಅಂದುಕೊಂಡೆ. ಆದರೆ ಕಸ ಬೇರ್ಪಡಿಸುವ ಕೆಲಸ ಮಾಡೋರು ನಮ್ಮ ಸ್ವಸಹಾಯ ಸಂಘದ ಐದು ಜನ ಹೆಂಗಸರು. ಅವರಲ್ಲಿ ಒಬ್ಬರು ಕೇಳಿದರು, ‘ಅಕ್ಕಾ, ಆರು ಕಿಲೋಮೀಟರ್ ಕ್ವಾರಿಗೆ ಹೋಗೋಕೆ ಬಸ್ಸಿಲ್ಲ. ಸಂಜೆ ನಾವು ಹೆಂಗೆ ಬರೋದು?’ ನಮ್ಮ ಪಟ್ಟಿಯಲ್ಲಿ ಈ ವಿಷಯ ಇರಲೇ ಇಲ್ಲ. ಟಿಪ್ಪರ್‌ನಲ್ಲಿ ಐದು ಜನ ಕೂರೋಕಾಗಲ್ಲ. ಆಟೋ ಮಾಡಿದರೆ ದಿನಕ್ಕೆ 300 ಕೇಳುತ್ತಾರೆ.

ಉತ್ತರ:
ಆ ಅಕ್ಕನ ಪ್ರಶ್ನೆ ಈ ಚರ್ಚೆಯಲ್ಲೇ ದೊಡ್ಡದು. ದಿನಾ ಅಲ್ಲಿ ನಿಲ್ಲೋರನ್ನು ಕೇಳದೆ ಮಾನದಂಡ ಪಟ್ಟಿ ಮಾಡಿದರೆ ಹೀಗೇ ಆಗುತ್ತದೆ.

ಲೆಕ್ಕ ಹಾಕಿ. ಆಟೋಗೆ 26 ದಿನಕ್ಕೆ 7,800. ಹೆದ್ದಾರಿ ಜಾಗಕ್ಕೆ ಹೋಲಿಸಿದರೆ ಕ್ವಾರಿಗೆ ಡೀಸೆಲ್ 1,250ರಷ್ಟು ಜಾಸ್ತಿ. ಒಟ್ಟು ತಿಂಗಳಿಗೆ ಸುಮಾರು 9,000, ಜೊತೆಗೆ ಒಂದು ಸಲದ ರಸ್ತೆ ಖರ್ಚು 6 ಲಕ್ಷ. ನೀರಿನ ವಿಷಯದಲ್ಲಿ ಈ ಎರಡು ಜಾಗಕ್ಕೆ 8 ಮತ್ತು 7, ಅಂಥ ವ್ಯತ್ಯಾಸ ಇಲ್ಲ, ಆ ಕಾಲಂ ಈಗ ಏನೂ ನಿರ್ಧರಿಸೋದಿಲ್ಲ. ಉಳಿದಿದ್ದು ಒಂದೇ: 40 ಮನೆ ವಾಸನೆಯಿಂದ ಉಳಿಯೋಕೆ ಪಂಚಾಯ್ತಿ ತಿಂಗಳಿಗೆ 9,000 ಕೊಡೋಕೆ ತಯಾರಿದೆಯಾ? ಮನೆಗೆ ಹೆಚ್ಚುಕಡಿಮೆ 225 ರೂಪಾಯಿ. ವಾರ್ಡ್ ಸಭೆಯಲ್ಲಿ ವೇಟೇಜ್ ಅನ್ನೋ ಪದವೇ ಎತ್ತಬೇಡಿ, ಹೀಗೇ ಕೇಳಿ. ಎಲ್ಲರಿಗೂ ಅರ್ಥವಾಗುತ್ತದೆ.

ಅದಕ್ಕೂ ಮೊದಲು ಒಂದು ಯೋಚನೆ. ವಾಸನೆ ಬರೋದು ಹಸಿ ಕಸದಿಂದ. ಐದು ಜನ ಕೆಲಸ ಮಾಡೋದು ಒಣ ಕಸದ ಹತ್ತಿರ. ಎರಡೂ ಒಂದೇ ಜಾಗದಲ್ಲಿ ಇರಲೇಬೇಕಾ? ಶೆಡ್ ಹೆದ್ದಾರಿ ಕಡೆ ಇರಲಿ, ಗೊಬ್ಬರ ಗುಂಡಿ ಮಾತ್ರ ಕ್ವಾರಿ ಹತ್ತಿರ ಹೋಗಲಿ. ಟಿಪ್ಪರ್ ಒಂದೇ ಹೋಗಿ ಸುರಿದು ಬರುತ್ತದೆ, ಆಟೋ ಖರ್ಚು ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಗುಂಡಿ ಮಗುಚೋಕೆ ವಾರಕ್ಕೆ ಒಂದೆರಡು ಸಲ ಯಾರಾದರೂ ಹೋದರೆ ಸಾಕಾಗಬಹುದು.

ಪ್ರಶ್ನೆ ಕೇಳಿದವರು:
ಇದು ನಮಗೆ ಹೊಳೆದೇ ಇರಲಿಲ್ಲ ಮೇಡಂ! ಮೂರು ಜಾಗದಲ್ಲಿ ಒಂದು ಅಂತಲೇ ಕೂತಿದ್ದೆವು. ವಾರ್ಡ್ ಸಭೆ ಶನಿವಾರ ಇದೆ.

ಉತ್ತರ:
ಶನಿವಾರದೊಳಗೆ ಎರಡು ಕೆಲಸ ಮುಗಿಸಿ. ಮಂಜೂರಾದ ದುಡ್ಡಿನಲ್ಲಿ ಎರಡು ಕಡೆ ಕಟ್ಟೋಕೆ ಅವಕಾಶ ಇದೆಯಾ ಅಂತ ಪಿಡಿಒ ಹತ್ತಿರ ಬರಹದಲ್ಲಿ ಕೇಳಿ. ಆಮೇಲೆ ಕ್ವಾರಿಗೆ ಹೋಗಿ, ಗುಂಡಿ ತೋಡುವ ಜಾಗ ಹಳ್ಳದ ಒಳಗಿದೆಯೋ ಮೇಲಿನ ದಿಬ್ಬದಲ್ಲಿದೆಯೋ ನೋಡಿ. ಕ್ವಾರಿ ಹಳ್ಳದಲ್ಲಿ ಮಳೆಗಾಲದ ನೀರು ನಿಲ್ಲುತ್ತದೆ, ಅಲ್ಲಿ ದನ ನೀರು ಕುಡಿಯೋಕೆ ಬರುತ್ತವಾ ಅಂತ ಸುತ್ತಮುತ್ತಲ ಹೊಲದವರನ್ನು ಕೇಳಿ. ಆ ಸಂಘದ ಅಕ್ಕನನ್ನೂ ಜೊತೆಗೆ ಕರೆದುಕೊಂಡು ಹೋಗಿ.