ಬರುವ ಲೆಕ್ಕವನ್ನೂ ಪರೀಕ್ಷೆಯಲ್ಲಿ ಬಿಟ್ಟು ಬರುತ್ತಾಳೆ: ಭಯವಾ, ಟ್ಯೂಮರ್ ಪರಿಣಾಮವಾ?

ಪ್ರಶ್ನೆ: ಮೇಡಂ, ಮಗಳಿಗೆ 10 ವರ್ಷ. 7ನೇ ವಯಸ್ಸಿನಲ್ಲಿ ಮೆಡುಲ್ಲೊಬ್ಲಾಸ್ಟೋಮಾ (ಮೆದುಳಿನ ಕ್ಯಾನ್ಸರ್ ಗಡ್ಡೆ) ಅಂತ ಗೊತ್ತಾಯಿತು. ಆಪರೇಷನ್, ರೇಡಿಯೇಷನ್, ಕೀಮೋ ಎಲ್ಲ ಮುಗಿದು ಈಗ ಸ್ಕ್ಯಾನ್ ಚೆನ್ನಾಗಿದೆ. ಆದರೆ ಮನೆಯಲ್ಲಿ ಮಾಡುವ ಲೆಕ್ಕವನ್ನೇ ಪರೀಕ್ಷೆಯಲ್ಲಿ ಬಿಟ್ಟು ಬರುತ್ತಾಳೆ. ಶಾಲೆಗೆ ಹೊರಡುವಾಗ ಹೊಟ್ಟೆನೋವು. ಟೀಚರ್ ಗಮನವೇ ಇಲ್ಲ ಅನ್ನುತ್ತಾರೆ. ಇದು ಭಯವಾ, ಮೆದುಳಿನ ತೊಂದರೆಯಾ?

ಉತ್ತರ (ಮಕ್ಕಳ ನ್ಯೂರೋಸೈಕಾಲಜಿಸ್ಟ್): ಎರಡೂ ಇರಬಹುದು, ಒಂದರಿಂದ ಇನ್ನೊಂದು ಜಾಸ್ತಿಯಾಗುತ್ತಲೂ ಇರಬಹುದು. ಈ ಗಡ್ಡೆ ಬೆಳೆಯುವುದು ಕಿರುಮೆದುಳಿನಲ್ಲಿ. ಅದರ ಕೆಲಸ ಬರೀ ಬ್ಯಾಲೆನ್ಸ್ ಅಲ್ಲ, ಯೋಚನೆಯಲ್ಲೂ ಭಾವನೆಗಳಲ್ಲೂ ಅದಕ್ಕೆ ಪಾಲಿದೆ. ಜೊತೆಗೆ ರೇಡಿಯೇಷನ್‌ನಿಂದ ಮೆದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ಸಂದೇಶ ಒಯ್ಯುವ ನರತಂತುಗಳಿಗೆ ಪೆಟ್ಟಾಗಬಹುದು, ಚಿಕ್ಕ ವಯಸ್ಸಿನಲ್ಲಿ ಕೊಟ್ಟಷ್ಟೂ ಪರಿಣಾಮ ಜಾಸ್ತಿ. ಹೀಗಾಗಿ ಇಂಥ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ನಿಧಾನ. ಉತ್ತರ ಗೊತ್ತಿರುತ್ತದೆ, ಹೊರಗೆ ಬರಲು ಹೊತ್ತು ಹಿಡಿಯುತ್ತದೆ.

ಇಲ್ಲೇ ಭಯ ಸೇರಿಕೊಳ್ಳುವುದು. ಲೆಕ್ಕ ಮಾಡುವಾಗ ದಶಕವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕು ಅಲ್ವಾ, 'ಟೈಮ್ ಆಗಿಬಿಟ್ಟರೆ?' ಅನ್ನುವ ಯೋಚನೆ ಆ ಜಾಗವನ್ನೇ ತುಂಬಿಬಿಡುತ್ತದೆ, ಆಮೇಲೆ ಇನ್ನೂ ನಿಧಾನ, ಮುಂದಿನ ಪರೀಕ್ಷೆಗೆ ಇನ್ನೂ ಭಯ. ಹೊಟ್ಟೆನೋವು ನಾಟಕವಲ್ಲ, ಮಕ್ಕಳಲ್ಲಿ ಆತಂಕ ಎಷ್ಟೋ ಸಲ ಹೊಟ್ಟೆಯಲ್ಲೇ ಕಾಣಿಸುತ್ತದೆ. ದಯವಿಟ್ಟು ಅವಳನ್ನು ಸೋಮಾರಿ ಅನ್ನಲು ಯಾರಿಗೂ ಬಿಡಬೇಡಿ.

ನ್ಯೂರೋಸೈಕಾಲಜಿ ಪರೀಕ್ಷೆ ಮಾಡಿಸಿ. ಸುಮ್ನೆ ಐಕ್ಯೂ ನೋಡಿದರೆ ಸಾಲದು. ವೇಗ, ಗಮನ, ನೆನಪು, ಆತಂಕ ಎಲ್ಲವನ್ನೂ ಒಟ್ಟಿಗೆ ನೋಡಬೇಕು. ಕಿವಿಯನ್ನೂ ತೋರಿಸಿ, ಕೀಮೋದಲ್ಲಿ ಸಿಸ್ಪ್ಲಾಟಿನ್ ಅನ್ನುವ ಔಷಧಿ ಕೊಟ್ಟಿದ್ದರೆ ಕೇಳಿಸುವುದು ಕಡಿಮೆಯಾಗಿರಬಹುದು, ಅದೂ ಟೀಚರ್ ಕಣ್ಣಿಗೆ ಗಮನವಿಲ್ಲದಂತೆಯೇ ಕಾಣುತ್ತದೆ. ಥೈರಾಯ್ಡ್ ಕೂಡ ಪರೀಕ್ಷೆ ಮಾಡಿಸಿ. ಪರೀಕ್ಷೆಯಲ್ಲಿ ಹೆಚ್ಚು ಟೈಮ್ ಬೇಕು ಅಂತ ಶಾಲೆಯಲ್ಲಿ ಈಗಲೇ ಕೇಳಿ, ರಿಪೋರ್ಟ್ ಬರಲಿ ಅಂತ ಕಾಯಬೇಡಿ.

ಮರುಪ್ರಶ್ನೆ: ಸ್ಕ್ಯಾನ್ ಹತ್ತಿರ ಬಂದರೆ ನಿದ್ದೆಯೇ ಮಾಡುವುದಿಲ್ಲ. ಆ ಮಾತೇ ಎತ್ತಬಾರದಾ ಮೇಡಂ?

ಉತ್ತರ: ಎತ್ತಿ. ನೀವು ಮುಚ್ಚಿಟ್ಟರೂ ನಿಮ್ಮ ಮುಖ ನೋಡಿ ಅವಳು ಊಹಿಸುತ್ತಾಳೆ. ಯಾವತ್ತು, ಎಷ್ಟು ಹೊತ್ತು, ರಿಪೋರ್ಟ್ ಯಾವಾಗ, ಇಷ್ಟನ್ನು ನೇರವಾಗಿ ಹೇಳಿ. ಆತಂಕಕ್ಕೆ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ) ಸಹಾಯ ಮಾಡಬಹುದು, ಆದರೆ ಅವಳ ವೇಗಕ್ಕೆ ಹೊಂದಿಸಲು ಥೆರಪಿಸ್ಟ್‌ಗೆ ಹೇಳಿ. ಸೆಷನ್ ಚಿಕ್ಕದಿರಲಿ, ಹೇಳಿದ್ದನ್ನು ಚಿತ್ರ ಬರೆದು ಕೈಗೆ ಕೊಡಲಿ, ಮತ್ತೆ ಮತ್ತೆ ಮಾಡಿಸಲಿ.

ಒಂದು ಎಚ್ಚರ. ಬೆಳಗ್ಗೆ ಎದ್ದಾಗ ತಲೆನೋವು, ವಾಂತಿ, ನಡೆಯುವಾಗ ವಾಲುವುದು, ಎರಡೆರಡು ಕಾಣುವುದು ಹೊಸದಾಗಿ ಶುರುವಾದರೆ ಆತಂಕ ಅಂದುಕೊಂಡು ಬಿಡಬೇಡಿ. ಅವತ್ತೇ ನಿಮ್ಮ ಆಂಕಾಲಜಿ (ಕ್ಯಾನ್ಸರ್) ಡಾಕ್ಟರಿಗೆ ಫೋನ್ ಮಾಡಿ.