ಬುಲ್ ಸ್ನೇಕ್ ಜೋಡಿ ಮನೆಗೆ ತರಬಹುದಾ? ಪಶುವೈದ್ಯರಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ವಿದ್ಯಾನಗರ, ದಾವಣಗೆರೆ):
ಮೇಡಂ ನಮಸ್ಕಾರ. ಬೆಂಗಳೂರಿನ ಗೆಳೆಯನ ಹತ್ತಿರ ಅಮೆರಿಕದ ಬುಲ್ ಸ್ನೇಕ್ ಜೋಡಿ ಇದೆ. ಗಂಡಿಗೆ 3 ವರ್ಷ, ಹೆಣ್ಣಿಗೆ 4. ಅವನು ಕೆಲಸಕ್ಕೆ ಹೊರದೇಶಕ್ಕೆ ಹೊರಟಿದ್ದಾನೆ. ‘ನೀನೇ ಇಟ್ಕೋ, ಮರಿ ಮಾಡಿಸಿದರೆ ಖರ್ಚಿಗೂ ಆಯ್ತು’ ಅಂತಿದ್ದಾನೆ. ನನಗೂ ಚಿಕ್ಕಂದಿನಿಂದ ಹಾವು ಅಂದ್ರೆ ಪ್ರಾಣ. ಮಹಡಿ ಮೇಲೆ ಶೀಟ್ ಹಾಕಿದ ರೂಮೊಂದು ಖಾಲಿ ಇದೆ. ವಿಷ ಇಲ್ಲ ಅಂತ ಓದಿದ್ದೇನೆ. ನಮ್ಮೂರಿನ ಹವೆಗೆ ಒಗ್ಗುತ್ತವಾ?

ಉತ್ತರ:
ನಮಸ್ಕಾರ. ಸಾಕಬಹುದು. ಆ ಶೀಟಿನ ರೂಮಿನಲ್ಲಿ ಮಾತ್ರ ಬೇಡ. ಅದಕ್ಕೂ ಮೊದಲು ಒಂದು ಮಾತು ಕೇಳಬೇಕು: ಆ ಹಾವು ಭಾರತಕ್ಕೆ ಬಂದ ದಾಖಲೆ ಗೆಳೆಯನ ಹತ್ತಿರ ಇದೆಯಾ?

ಗೋಫರ್ ಸ್ನೇಕ್, ಬುಲ್ ಸ್ನೇಕ್, ಪೈನ್ ಸ್ನೇಕ್ ಎಲ್ಲ ಒಂದೇ ಕುಲದವು. ಉತ್ತರ ಅಮೆರಿಕದವು. ಇವು ಸೈಟಿಸ್ ಅಂದ್ರೆ ಅಪಾಯದಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ ಪಟ್ಟಿಯಲ್ಲಿಲ್ಲ. ಹಾಗಾಗಿ ಆ ಪಟ್ಟಿಯಲ್ಲಿರುವ ಬಾಲ್ ಪೈಥಾನ್ ಹೆಬ್ಬಾವು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಮಾಡಿಸಬೇಕಾದ ನೋಂದಣಿಯ ನಿಯಮ ಇವಕ್ಕೆ ಅದೇ ರೀತಿ ಬರುವುದಿಲ್ಲ. ಇದನ್ನೇ ಹಿಡಿದು ಮಾರುವವರು ‘ಯಾವ ಕಾಗದವೂ ಬೇಡ’ ಅಂತಾರೆ. ಅದು ಸರಿಯಲ್ಲ. ಹೊರದೇಶದ ಜೀವಿಯನ್ನು ಒಳಗೆ ತರಲು ಕೇಂದ್ರದ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ, ಅಂದ್ರೆ ಡಿಜಿಎಫ್‌ಟಿ ಲೈಸೆನ್ಸ್ ಬೇಕು, ಪಶು ಕ್ವಾರಂಟೈನ್ ಅನುಮತಿಯೂ ಬೇಕು. ಬೆಂಗಳೂರು ಏರ್‌ಪೋರ್ಟಿನಲ್ಲಿ ಬ್ಯಾಂಕಾಕ್‌ನಿಂದ ಬಂದವರ ಸೂಟ್‌ಕೇಸಿನಲ್ಲಿ ಹಾವು ಸಿಕ್ಕ ಸುದ್ದಿ ಪದೇ ಪದೇ ಓದುತ್ತೀರಲ್ವಾ? ಅಂಥ ದಾರಿಯಲ್ಲಿ ಬಂದ ಹಾವು ಎಷ್ಟು ಕೈ ದಾಟಿದರೂ ಕಳ್ಳಮಾಲೇ. ಇಲ್ಲೇ ಹುಟ್ಟಿದ ಮರಿಗಳಾದರೆ ತಂದೆ ತಾಯಿಯ ದಾಖಲೆ, ಕೊಂಡ ರಸೀದಿ ಕೇಳಿ. ಅವುಗಳ ನಕಲು ಹಿಡಿದು ಊರಿನ ಅರಣ್ಯ ಇಲಾಖೆ ಕಚೇರಿಗೆ ಹೋಗಿ, ಬರಹದಲ್ಲಿ ತಿಳಿಸಿ, ಸ್ವೀಕೃತಿ ತಗೊಳ್ಳಿ. ದಾಖಲೆ ಇಲ್ಲ ಅಂದರೆ ಗೆಳೆತನಕ್ಕೆ ಮುಲಾಜು ನೋಡದೆ ಬೇಡ ಅನ್ನಿ.

ದಾಖಲೆ ಸರಿ ಇದ್ದರೆ ಮುಂದಿನದು ಹೇಳುತ್ತೇನೆ.

ಅದೇ ಪ್ರಶ್ನಿಗರು:
ರಸೀದಿ ಇದೆಯಂತೆ ಮೇಡಂ, ತಂದೆ ತಾಯಿಯ ಆಮದು ಪತ್ರದ ನಕಲೂ ಇದೆಯಂತೆ. ಕಳಿಸಲು ಹೇಳಿದ್ದೇನೆ. ರೂಮು ಯಾಕೆ ಬೇಡ ಅಂದ್ರಿ? ಹಾವಿಗೆ ಬಿಸಿ ಬೇಕಲ್ವಾ?

ಉತ್ತರ:
ಬಿಸಿ ಬೇಕು, ಆದರೆ ಅದರಿಂದ ತಪ್ಪಿಸಿಕೊಳ್ಳುವ ಜಾಗವೂ ಬೇಕು. ಇವು ಬಿಲದ ಹಾವುಗಳು. ಕಾಡಿನಲ್ಲಿ ಬಿಸಿಲು ಜಾಸ್ತಿ ಆದ ಕೂಡಲೇ ನೆಲದೊಳಗೆ ಹೋಗುತ್ತವೆ. ಪೆಟ್ಟಿಗೆಯ ಒಂದು ತುದಿ 30–32 ಡಿಗ್ರಿ, ಇನ್ನೊಂದು ತುದಿ 23–25 ಡಿಗ್ರಿ ಇದ್ದರೆ ತನಗೆ ಬೇಕಾದ ಕಡೆ ತಾನೇ ಹರಿದು ಹೋಗುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ಬಂದರೆ ಹೊರಗೇ 38 ದಾಟುತ್ತದೆ. ಶೀಟಿನ ಕೆಳಗೆ ಇನ್ನೂ ಮೇಲೆ. ಆಗ ತಂಪಿನ ತುದಿ ಅನ್ನೋದೇ ಇರುವುದಿಲ್ಲ. ಮಧ್ಯಾಹ್ನ ಕರೆಂಟ್ ಹೋಯ್ತು, ನೀವು ಅಂಗಡಿಯಲ್ಲಿದ್ದೀರಿ ಅಂದ್ರೆ ಸಂಜೆ ಬರುವಷ್ಟರಲ್ಲಿ ಹಾವು ಹೋಗಿರುತ್ತದೆ. ಬಾಯಿ ತೆರೆದು, ತಲೆ ಎತ್ತಿ, ಮೈ ತಿರುಚಿ ಬಿದ್ದ ಹಾವನ್ನು ನನ್ನ ಮೇಜಿಗೆ ತಂದಾಗ ನಾನು ಮಾಡಬಹುದಾದ್ದು ಬಹಳ ಕಡಿಮೆ. ನಿಮ್ಮ ಮನೆಯಲ್ಲಿ ಆರ್‌ಸಿಸಿ ಛಾವಣಿಯ, ಬಿಸಿಲು ಬೀಳದ ಕೆಳಗಿನ ಕೋಣೆ ಇದೆಯಾ ನೋಡಿ. ನಮ್ಮೂರಲ್ಲಿ ವರ್ಷದ ಬಹಳಷ್ಟು ದಿನ ಹೀಟರ್‌ಗಿಂತ ತಂಪು ಮಾಡುವುದೇ ದೊಡ್ಡ ಕೆಲಸ.

ಪೆಟ್ಟಿಗೆ ಒಂದೊಂದಕ್ಕೆ ಕನಿಷ್ಠ 4 ಅಡಿ ಉದ್ದ, 2 ಅಡಿ ಅಗಲ. ಎರಡನ್ನೂ ಒಟ್ಟಿಗೆ ಇಡಬೇಡಿ. ಬುಲ್ ಸ್ನೇಕ್ ಐದಾರು ಅಡಿ ಸಲೀಸಾಗಿ ಬೆಳೆಯುತ್ತದೆ, ಕೆಲವು 8 ಅಡಿವರೆಗೂ ಹೋಗುತ್ತವೆ. ಮೂಗಿನ ತುದಿಯ ಗಟ್ಟಿ ಹುರುಪೆಯಿಂದ ಮಣ್ಣು ತೋಡುವ ಪ್ರಾಣಿ ಇದು. ಸಡಿಲ ಮುಚ್ಚಳವನ್ನು ಅದೇ ಮೂಗಿನಿಂದ ಎತ್ತಿ ಹೊರಗೆ ಬರುತ್ತದೆ. ಚಿಲಕ ಹಾಕಿಸಿ. ಸಾಮಿಲ್‌ನ ಮರದ ಪುಡಿ ಹಾಸಬೇಡಿ, ಧೂಳು ಶ್ವಾಸಕ್ಕೆ ಹೋಗುತ್ತದೆ. ಧೂಳಿಲ್ಲದ ಮರದ ಹೆರೆಯನ್ನು ನಾಲ್ಕೈದು ಇಂಚು ದಪ್ಪ ಹಾಸಿದರೆ ಅದರಲ್ಲೇ ಸುರಂಗ ಮಾಡಿಕೊಂಡು ನೆಮ್ಮದಿಯಾಗಿರುತ್ತದೆ. ಮಳೆಗಾಲದಲ್ಲಿ ಹಾಸು ಒದ್ದೆಯಾಗಿ ಉಳಿಯದಂತೆ ನೋಡಿಕೊಳ್ಳಿ. ಮೂಗಿನಲ್ಲಿ ಗುಳ್ಳೆ, ಉಸಿರಿನಲ್ಲಿ ಗೊರಗೊರ ಕೇಳಿದರೆ ಅವತ್ತೇ ಕರೆತನ್ನಿ.

ಆಹಾರ ಅಂದ್ರೆ ಸಾಕಿದ ಇಲಿ ಮಾತ್ರ. ಫ್ರೀಜ್ ಮಾಡಿದ್ದನ್ನು ಬಿಸಿನೀರಿನಲ್ಲಿ ಕರಗಿಸಿ ಕೊಡಿ. ದೊಡ್ಡ ಹಾವಿಗೆ 10–14 ದಿನಕ್ಕೊಮ್ಮೆ ಸಾಕು. ಮಂಡಿಪೇಟೆ ಗೋದಾಮಿನಲ್ಲಿ, ಮೆಕ್ಕೆಜೋಳದ ಹೊಲದಲ್ಲಿ ಹಿಡಿದ ಇಲಿ ಬೇಡವೇ ಬೇಡ. ಅದರ ಹೊಟ್ಟೆಯಲ್ಲಿ ಪಾಷಾಣ ಇರಬಹುದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಇಲಿಮದ್ದು ಹಾವಿನ ಮೈಗೂ ಸೇರುತ್ತದೆ.

ಪ್ರಶ್ನೆ (ಚಿತ್ರದುರ್ಗ):
ಮೇಡಂ, ಇದು ಬುಸುಗುಟ್ಟುವ ವಿಡಿಯೋ ನೋಡಿದೆ. ಥೇಟ್ ಕೊಳಕುಮಂಡಲ! ಇಂಥದ್ದನ್ನು ಮನೆಯಲ್ಲಿ ಇಡೋದಾ?

ಉತ್ತರ:
ಸದ್ದು ಹೌದು, ಕುಕ್ಕರ್ ವಿಷಲ್ ಬಿಟ್ಟ ಹಾಗೆ. ಈ ಕುಲದ ಹಾವುಗಳಿಗೆ ಶ್ವಾಸನಾಳದ ಬಾಯಲ್ಲಿ ಒಂದು ತೆಳು ಪರದೆ ಎದ್ದು ನಿಂತಿರುತ್ತದೆ. ಗಾಳಿ ಜೋರಾಗಿ ಹೊರಗೆ ಬಂದಾಗ ಅದು ಪಟಪಟ ಅದುರುತ್ತದೆ. ಬಾಯಿ ತೆರೆಸಿ ಪರೀಕ್ಷೆ ಮಾಡುವಾಗ ನಾಲಿಗೆಯ ಹಿಂದೆ ಅದು ಕಣ್ಣಿಗೇ ಕಾಣುತ್ತದೆ. ಜೊತೆಗೆ ತಲೆ ಅಗಲ ಮಾಡಿ, ತರಗೆಲೆಯಲ್ಲಿ ಬಾಲ ಅದುರಿಸುತ್ತದೆ. ಅಮೆರಿಕದಲ್ಲಿ ಜನ ಬಾಲ ಅದುರಿಸುವ ವಿಷದ ರ್ಯಾಟಲ್ ಸ್ನೇಕ್ ಅಂತ ತಿಳಿದು ಎಷ್ಟೋ ಗೋಫರ್ ಸ್ನೇಕ್‌ಗಳನ್ನು ಹೊಡೆದು ಸಾಯಿಸುತ್ತಾರೆ. ಪಾಪದ ಪ್ರಾಣಿ. ದಿನಾ ನೋಡುವ ಕೈಗೆ ಬಹಳಷ್ಟು ಹೊಂದಿಕೊಳ್ಳುತ್ತವೆ.

ಆದರೆ ನಿಮ್ಮ ಭಯಕ್ಕೆ ಅರ್ಥ ಇದೆ. ಕೋಟೆಯ ಸುತ್ತಲಿನ ಬಂಡೆಗಳಲ್ಲಿ, ಹೊಲದ ಬದುವಿನಲ್ಲಿ ಕೊಳಕುಮಂಡಲ, ಗರಗಸ ಮಂಡಲ ಎರಡೂ ಇವೆ. ಸಾಕಿದ ಹಾವಿನ ಬುಸುಗಾಟ ಕೇಳಿ ಕೇಳಿ ಅಭ್ಯಾಸವಾದ ಮಕ್ಕಳು ಹಿತ್ತಲಲ್ಲಿ ಆ ಸದ್ದು ಕೇಳಿದಾಗ ಹತ್ತಿರ ಹೋಗಬಾರದು. ಮಕ್ಕಳಿರುವ ಮನೆಯಲ್ಲಿ ಇದನ್ನು ಮೊದಲ ದಿನವೇ ಹೇಳಿಕೊಡಿ.

ಪ್ರಶ್ನೆ (ಚಳ್ಳಕೆರೆ):
ಮೇಡಂ, ಕಾಗದ ಪತ್ರದ ರಗಳೆ ಯಾಕೆ? ನಮ್ಮ ಶೇಂಗಾ ಹೊಲದಲ್ಲಿ ಕೇರೆ ಹಾವು ಬೇಕಾದಷ್ಟಿವೆ. ಎರಡು ಹಿಡಿದು ಸಾಕಿ ಮರಿ ಮಾಡಿಸಿ ಹೊಲಕ್ಕೇ ಬಿಟ್ಟರೆ ಇಲಿ ಕಾಟ ತಪ್ಪುತ್ತಲ್ಲ? ಮೊನ್ನೆ ಕೇರೆ ಮತ್ತು ನಾಗರ ಹೆಣೆದುಕೊಂಡು ಕೂಡಿದ್ದನ್ನೂ ನೋಡಿದೆವು.

ಉತ್ತರ:
ಅಣ್ಣಾ, ಕೇರೆ ಹಾವನ್ನು ಹಿಡಿದು ಇಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಕಾಯುತ್ತದೆ. ಮಣ್ಣುಮುಕ್ಕ ಹಾವನ್ನೂ ಅಷ್ಟೇ. ‘ಎರಡು ತಲೆ ಹಾವು’ ಅಂತ ಲಕ್ಷಗಟ್ಟಲೆ ಆಸೆ ತೋರಿಸುವವರ ಮಾತಿಗೆ ಬಿದ್ದು ಜೈಲಿಗೆ ಹೋದವರಿದ್ದಾರೆ. ಸಾಕುವ ಅಗತ್ಯವೂ ನಿಮಗಿಲ್ಲ. ಬದುವಿನ ಪೊದೆ, ಕಲ್ಲುಗುಡ್ಡೆ ಹಾಗೇ ಬಿಡಿ, ಇಲಿಪಾಷಾಣ ಕಡಿಮೆ ಮಾಡಿ, ಕಂಡ ಕೇರೆಯನ್ನು ಹೊಡೆಯಬೇಡಿ ಅಂತ ಆಳುಗಳಿಗೆ ಹೇಳಿ. ಅವು ತಾವೇ ಉಳಿದುಕೊಳ್ಳುತ್ತವೆ.

ನೀವು ನೋಡಿದ್ದು ಕೂಡುವುದಲ್ಲ. ಎರಡೂ ಕೇರೆಯೇ, ಎರಡೂ ಗಂಡು. ಹೆಣ್ಣಿಗಾಗಿ ಮೈ ಹೆಣೆದು, ತಲೆ ಎತ್ತಿ, ಒಂದನ್ನೊಂದು ನೆಲಕ್ಕೆ ಒತ್ತುವ ಕುಸ್ತಿ ಅದು. ಕೇರೆಗೂ ನಾಗರಕ್ಕೂ ಮರಿ ಆಗುವುದಿಲ್ಲ. ಬುಲ್ ಸ್ನೇಕ್ ಗಂಡುಗಳೂ ಹೀಗೇ ಹೋರಾಡುತ್ತವೆ.

ಮೊದಲ ಪ್ರಶ್ನಿಗರು:
ಕೆಳಗಿನ ಕೋಣೆ ಖಾಲಿ ಮಾಡಿಸುತ್ತೇನೆ ಮೇಡಂ. ಹಾಗಾದರೆ ಮರಿ ಮಾಡಿಸೋದು ಹೇಗೆ?

ಉತ್ತರ:
ಇದನ್ನು ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಅವಸರ ಮಾಡಿದರೆ ಹೆಣ್ಣು ಹಾವಿನ ಜೀವಕ್ಕೇ ಕುತ್ತು.

ಇವುಗಳ ಊರಿನಲ್ಲಿ ಚಳಿಗಾಲ ಅಂದ್ರೆ ನೆಲದೊಳಗೆ ಮಂಪರಿನಲ್ಲಿ ಮಲಗುವ ಕಾಲ. ಸಾಕುವವರು ಸಾಮಾನ್ಯವಾಗಿ 10–13 ಡಿಗ್ರಿಯಲ್ಲಿ 8ರಿಂದ 12 ವಾರ ಕತ್ತಲಲ್ಲಿ ಮಲಗಿಸುತ್ತಾರೆ. ವಸಂತದಲ್ಲಿ ಬಿಸಿ ಸಿಕ್ಕಾಗ ಪೊರೆ ಬಿಟ್ಟು ಕೂಡುತ್ತವೆ. ನಮ್ಮಲ್ಲಿ ಡಿಸೆಂಬರ್ ರಾತ್ರಿ 15–16 ಡಿಗ್ರಿ, ಹಗಲು 29–30. ಇದು ನಿದ್ದೆಗೂ ಸಾಲದು, ಊಟಕ್ಕೂ ನೆಟ್ಟಗಿಲ್ಲ. ಕೋಣೆಯ ಚಳಿಯನ್ನೇ ನಂಬಿ ಮಲಗಿಸಿದರೆ ಹಾವು ಎಚ್ಚರವಾಗಿಯೇ ಮೈ ಕರಗಿಸಿಕೊಳ್ಳುತ್ತದೆ. ಹೊಟ್ಟೆಯಲ್ಲಿ ಇಲಿ ಉಳಿದಿದ್ದರೆ ಅಲ್ಲೇ ಕೊಳೆಯುತ್ತದೆ. ಅದಕ್ಕೇ ತಂಪು ಮಾಡುವ ಮೊದಲು ಕನಿಷ್ಠ ಎರಡು ವಾರ ಬೆಚ್ಚಗಿಟ್ಟು ಉಪವಾಸ ಹಾಕಬೇಕು. ಆಮೇಲೆ ಥರ್ಮೋಸ್ಟಾಟ್ ಇರುವ, ಗಾಳಿಯಾಡುವ ತಂಪು ಪೆಟ್ಟಿಗೆ ಬೇಕು. ಅದಕ್ಕೆ ಇನ್ವರ್ಟರ್ ಬೇಕು. ನೀರು ಯಾವಾಗಲೂ ಇರಬೇಕು.

ಕೂಡುವಾಗ ಗಂಡು ಹೆಣ್ಣಿನ ಕುತ್ತಿಗೆ ಕಚ್ಚಿ ಹಿಡಿಯುತ್ತದೆ. ಗಾಬರಿಯಾಗಿ ಬಿಡಿಸಬೇಡಿ. ಮುಂದೆ ಹೆಣ್ಣು ಇನ್ನೊಮ್ಮೆ ಪೊರೆ ಬಿಡುತ್ತದೆ. ಕಣ್ಣು ಹಾಲಿನ ಬಣ್ಣಕ್ಕೆ ತಿರುಗಿ, ತಿಳಿಯಾಗಿ, ಪೊರೆ ಕಳಚಿದ ಸುಮಾರು ಹತ್ತರಿಂದ ಹದಿನಾಲ್ಕು ದಿನಕ್ಕೆ ಮೊಟ್ಟೆ. ಒದ್ದೆ ಕೋಕೋಪೀಟ್ ತುಂಬಿದ ಡಬ್ಬ ಅಷ್ಟರಲ್ಲಿ ಸಿದ್ಧ ಇರಲಿ. ಅರ್ಧ ಇಟ್ಟು ನಿಂತಿತು, ದಿನ ಕಳೆದರೂ ಹೊಟ್ಟೆಯಲ್ಲಿ ಗಂಟು ಕಾಣುತ್ತಿದೆ ಅಂದ್ರೆ ಮನೆಯಲ್ಲಿ ಒತ್ತಬೇಡಿ. ಮೊಟ್ಟೆ ಒಡೆದರೆ ಹಾವು ಉಳಿಯುವುದು ಕಷ್ಟ. ಎಕ್ಸ್‌ರೇ ಮಾಡಿ ನೋಡಬೇಕು, ಕೆಲವೊಮ್ಮೆ ಆಪರೇಷನ್ನೇ ದಾರಿ.

ಮೊಟ್ಟೆ ಇಟ್ಟಾಗ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬಿಡಿಸಬೇಡಿ, ಹೊರಳಿಸಬೇಡಿ. ಮೇಲಿನ ಬದಿಗೆ ಪೆನ್ಸಿಲ್ ಗುರುತು ಹಾಕಿ. ಕತ್ತಲೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದರೆ ಜೀವ ಇರುವ ಮೊಟ್ಟೆಯೊಳಗೆ ಕೆಂಪು ನರಗಳ ಜಾಲ ಕಾಣುತ್ತದೆ. 27–29 ಡಿಗ್ರಿಯಲ್ಲಿ ಎರಡು ತಿಂಗಳ ಆಸುಪಾಸು ಬೇಕು. ನಮ್ಮ ಬೇಸಿಗೆಯಲ್ಲಿ ಆ ಶಾಖ ಮೀರದಂತೆ ಹಿಡಿದಿಡುವುದೇ ಕಷ್ಟ. ಮೀರಿದರೆ ಬೆನ್ನೆಲುಬು ಸೊಟ್ಟಗಾದ ಮರಿ, ಇಲ್ಲವೇ ಸತ್ತ ಮರಿ. ಚಿಪ್ಪು ಸೀಳಿ ತಲೆ ಹೊರಗೆ ಹಾಕಿದ ಮರಿ ಒಂದು ದಿನ ಹಾಗೇ ಕೂತಿರಬಹುದು. ಮೊಟ್ಟೆಯಲ್ಲಿ ಉಳಿದ ಹಳದಿ ಭಾಗವನ್ನು ಹೊಟ್ಟೆಗೆ ಎಳೆದುಕೊಳ್ಳುತ್ತಿರುತ್ತದೆ. ಎಳೆಯಬೇಡಿ.

ಬುಲ್ ಸ್ನೇಕ್ ಒಂದು ಸಲಕ್ಕೆ ಹತ್ತು ಹದಿನೈದು ಮೊಟ್ಟೆ ಇಡಬಲ್ಲದು. ಅಷ್ಟು ಮರಿಗೆ ಅಷ್ಟು ಡಬ್ಬ, ವಾರವಾರ ಇಲಿಮರಿ, ಕೊಳ್ಳುವವರ ಪೂರ್ತಿ ದಾಖಲೆ. ಇವು ಚೆನ್ನಾಗಿ ನೋಡಿಕೊಂಡರೆ 20 ವರ್ಷ ಬಾಳುತ್ತವೆ. ಬೇಸರ ಬಂದವರು ಜೋಗಿಮಟ್ಟಿ ಕಾಡಿಗೆ ಬಿಟ್ಟು ಬಂದರೆ? ಸ್ಪೇನಿಗೆ ಸೇರಿದ ಗ್ರಾನ್ ಕನೇರಿಯಾ ದ್ವೀಪದಲ್ಲಿ ಇವುಗಳ ಹತ್ತಿರದ ಬಳಗದ ಕ್ಯಾಲಿಫೋರ್ನಿಯಾ ಕಿಂಗ್ ಸ್ನೇಕ್ ಸಾಕಿದವರ ಮನೆಯಿಂದ ಹೊರಬಿದ್ದು, ಅಲ್ಲಿ ಬಿಟ್ಟು ಬೇರೆಲ್ಲೂ ಮೂಲವಾಗಿ ಇಲ್ಲದ ದೊಡ್ಡ ಹಲ್ಲಿಗಳನ್ನು ತಿಂದು ಮುಗಿಸುತ್ತಿದೆ.

ಮರಿ ಮಾಡಿಸಲೇಬೇಕಾದ ಹಾವುಗಳೂ ಇವೆ. ಲೂಸಿಯಾನಾ ಪೈನ್ ಸ್ನೇಕ್ ಇದೇ ಕುಲದ್ದು, ಒಮ್ಮೆಗೆ ಮೂರರಿಂದ ಐದು ಭಾರಿ ಮೊಟ್ಟೆ ಅಷ್ಟೇ ಇಡುತ್ತದೆ. ಅಮೆರಿಕ 2018ರಲ್ಲಿ ಅದನ್ನು ಅಪಾಯದಲ್ಲಿರುವ ಜೀವಿ ಅಂತ ಪಟ್ಟಿಗೆ ಸೇರಿಸಿತು. ಅಲ್ಲಿನ ಮೃಗಾಲಯಗಳು ಮರಿ ಮಾಡಿಸಿ ಕಾಡಿಗೆ ಬಿಡುತ್ತಿವೆ. ದಾವಣಗೆರೆಯ ಮನೆಯಲ್ಲಿ ಬುಲ್ ಸ್ನೇಕ್ ಮರಿಗೆ ಅಂಥ ಕಾರಣವಿಲ್ಲ. ಖರ್ಚು ಹುಟ್ಟಿಸಲು ಸುಮ್ನೆ ಮಾಡಿಸಬೇಡಿ ಅಂತ ಖಂಡಿತವಾಗಿ ಹೇಳುತ್ತೇನೆ.

ಮೊದಲ ಪ್ರಶ್ನಿಗರು:
ಅರ್ಥವಾಯ್ತು ಮೇಡಂ. ಜೋಡಿ ಬೇಡ. ಗಂಡು ಒಂದನ್ನೇ ತರಬಹುದಾ?

ಉತ್ತರ:
ತನ್ನಿ. ಒಂಟಿಯಾಗಿರುವುದು ಇವುಗಳ ಸ್ವಭಾವ, ಜೊತೆ ಇಲ್ಲ ಅಂತ ಕೊರಗುವುದಿಲ್ಲ. ಹೆಣ್ಣನ್ನು ದಾಖಲೆ ಸಮೇತ ಬೇರೆ ಅನುಭವಿಗೆ ಕೊಡಲು ಗೆಳೆಯನಿಗೆ ಹೇಳಿ. ತರುವ ಮುಂಚೆ ಕೆಳಗಿನ ಕೋಣೆಯಲ್ಲಿ ಖಾಲಿ ಪೆಟ್ಟಿಗೆ ಇಟ್ಟು, ಎರಡೂ ತುದಿಗೆ ಥರ್ಮಾಮೀಟರ್ ಹಾಕಿ, ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬರೆದಿಡಿ. ಆ ಚೀಟಿ, ದಾಖಲೆಯ ನಕಲು ಎರಡನ್ನೂ ತಗೊಂಡು ಬನ್ನಿ. ಹಾವು ಬಂದ ಮೇಲೆ ಮೊದಲ ವಾರದ ಮಲ ಒಂದು ಡಬ್ಬಿಯಲ್ಲಿ ಬೇಕು, ಜಂತು ಪರೀಕ್ಷೆಗೆ. ನೀರಿನ ಬಟ್ಟಲಿನಲ್ಲಿ ಕರಿ ಚುಕ್ಕೆ ತೇಲುತ್ತಿದ್ದರೆ ಅದು ಉಣ್ಣೆ ಜಾತಿಯ ಹುಳ, ಅದನ್ನೂ ಫೋಟೋ ತೆಗೆದು ಕಳಿಸಿ. ಮುಟ್ಟಿದಾಗಲೆಲ್ಲ ಸೋಪು ಹಾಕಿ ಕೈ ತೊಳೆಯಿರಿ, ಬಟ್ಟಲನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯಬೇಡಿ. ಹಾವಿನ ಮೈಮೇಲೆ ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮನೆಯಲ್ಲಿ 5 ವರ್ಷದೊಳಗಿನ ಮಕ್ಕಳಿದ್ದರೆ ಅವರ ಕೈಗೆ ಕೊಡಲೇಬೇಡಿ.